ಯಂತ್ರವೇ ಓದುವ ಕೈಪಿಡಿ

ಮಿಕ್ಸಿಯ ಡಬ್ಬಿಯಲ್ಲಿ ಬರುವ ಪುಸ್ತಿಕೆಯನ್ನು ಯಾರೂ ಓದದಿದ್ದರೂ ಮಿಕ್ಸಿ ತಿರುಗುತ್ತದೆ. ಎಐ ಏಜೆಂಟ್‌ಗಳಿಗೆ ಕೊಡುವ ಉಪಕರಣಗಳ ವಿಷಯ ಹಾಗಲ್ಲ. ಅಲ್ಲಿ ಕೈಪಿಡಿಯನ್ನು ಓದುವುದು ಯಂತ್ರವೇ. ಅದರಲ್ಲಿ ಬರೆದಿರುವುದಷ್ಟೇ ಅದಕ್ಕೆ ಗೊತ್ತು.

ಭಾಷಾ ಮಾದರಿಗೆ ತಾನಾಗಿ ಅಂತರ್ಜಾಲ ತೆರೆಯಲು ಬರುವುದಿಲ್ಲ. ಕೆಆರ್‌ಎಸ್‌ನಲ್ಲಿ ಇವತ್ತು ನೀರು ಎಷ್ಟಿದೆ ಎಂದು ಕೇಳಿದರೆ, ತರಬೇತಿಯ ಕಾಲದಲ್ಲಿ ಓದಿದ ಹಳೆಯ ಪಠ್ಯದಲ್ಲಿ ಉತ್ತರ ಸಿಗದು. ಆಗ ಅದು ‘ಈ ವಿಳಾಸದ ಪುಟ ತಂದುಕೊಡಿ’ ಎಂಬ ಕೋರಿಕೆಯನ್ನು ಬರೆಯುತ್ತದೆ. ಬೇರೊಂದು ಪ್ರೋಗ್ರಾಂ ಆ ಪುಟವನ್ನು ಸರ್ವರ್‌ನಿಂದ ತಂದು, ಮೆನು, ಜಾಹೀರಾತುಗಳನ್ನೆಲ್ಲ ತೆಗೆದು, ಉಳಿದ ಪಠ್ಯವನ್ನು ಮಾದರಿಯ ಮುಂದಿಡುತ್ತದೆ. ಆ ಪ್ರೋಗ್ರಾಮಿನ ಒಳಗೇನಿದೆ ಎಂಬುದು ಮಾದರಿಗೆ ಕಾಣುವುದಿಲ್ಲ. ಉಪಕರಣದ ಹೆಸರು, ನಾಲ್ಕಾರು ಸಾಲಿನ ವಿವರಣೆ, ತುಂಬಬೇಕಾದ ಅಂಶಗಳ ಪಟ್ಟಿ ಇಷ್ಟೇ ಕಾಣುತ್ತವೆ.

ಮಾದರಿಗಳಿಗೆ ಇಂಥ ಉಪಕರಣಗಳನ್ನು ಜೋಡಿಸಲು ಆಂಥ್ರೋಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಮುಕ್ತ ವ್ಯವಸ್ಥೆಯನ್ನು ಪ್ರಕಟಿಸಿತು. ಅದರ ಉದಾಹರಣೆ ಉಪಕರಣಗಳಲ್ಲಿ ‘ಫೆಚ್’ ಒಂದು. ಪುಟ ತರುವುದೇ ಅದರ ಕೆಲಸ. ಅದರ ವಿವರಣೆಯಲ್ಲಿ ಮಾದರಿಯನ್ನು ಉದ್ದೇಶಿಸಿಯೇ ಒಂದು ಮಾತಿದೆ: ಮೊದಲು ನಿನಗೆ ಅಂತರ್ಜಾಲ ಸಂಪರ್ಕ ಇರಲಿಲ್ಲ, ಇಲ್ಲವೆಂದೇ ಹೇಳಬೇಕೆಂದು ನಿನಗೆ ತಿಳಿಸಲಾಗಿತ್ತು, ಈಗ ಈ ಉಪಕರಣದಿಂದ ಸಂಪರ್ಕ ಸಿಕ್ಕಿದೆ ಎಂಬುದು ಅದರ ಸಾರ. ‘ನನಗೆ ಕೊಂಡಿ ತೆರೆಯಲಾಗದು’ ಎಂದು ಉತ್ತರಿಸಿ ರೂಢಿಯಾದ ಮಾದರಿ ಉಪಕರಣ ಕೈಯಲ್ಲಿದ್ದೂ ಹಾಗೆಯೇ ಹೇಳಿಬಿಡಬಹುದು. ಅದನ್ನು ತಡೆಯಲು ಕೋಡ್ ಬದಲಿಸಬೇಕಿಲ್ಲ, ಈ ಮಾತೇ ಸಾಕು. ಇಂಥ ಉಪಕರಣಕ್ಕೆ ವಿವರಣೆ ಬರೆಯುವುದೂ ಪ್ರೋಗ್ರಾಮಿಂಗ್‌ನಷ್ಟೇ ಗಂಭೀರ ಕೆಲಸವೆಂದು ನಾನು ನಂಬಿರುವುದು ಇದಕ್ಕೇ.

ಉಪಕರಣ ಏನು ಮಾಡುತ್ತದೆ ಎಂದು ಬರೆಯುವುದು ಸುಲಭ. ಎಲ್ಲಿ ಸೋಲುತ್ತದೆ ಎಂದು ಬರೆಯುವುದರಲ್ಲೇ ಕಷ್ಟವಿರುವುದು. ಫೆಚ್ ಒಂದು ಸಲಕ್ಕೆ ಪೂರ್ವನಿಗದಿಯಂತೆ 5000 ಅಕ್ಷರಗಳಷ್ಟೇ ಕೊಡುತ್ತದೆ. ಪುಟ ಅದಕ್ಕಿಂತ ಉದ್ದವಿದ್ದರೆ, ಪಠ್ಯ ಇಲ್ಲಿಗೆ ತುಂಡಾಗಿದೆ, ಮುಂದಿನದು ಬೇಕಿದ್ದರೆ ಇಂಥ ಸಂಖ್ಯೆಯಿಂದ ಮತ್ತೆ ಕೇಳು ಎಂಬ ಸೂಚನೆಯನ್ನು ಕೊನೆಗೆ ಸೇರಿಸುತ್ತದೆ. ಈ ಸೂಚನೆ ಇಲ್ಲದಿದ್ದರೆ ಮಾದರಿ ಅರ್ಧ ಪುಟವನ್ನೇ ಇಡೀ ಪುಟವೆಂದು ತಿಳಿದು, ‘ಆ ಮಾಹಿತಿ ಅಲ್ಲಿಲ್ಲ’ ಎಂದು ಧೈರ್ಯವಾಗಿ ಹೇಳಿಬಿಟ್ಟೀತು.

ಕನ್ನಡದಲ್ಲಿ ಈ ಅಕ್ಷರದ ಲೆಕ್ಕವೇ ಬೇರೆ. ‘ಲಕ್ಷ್ಮಿ’ ನಮಗೆ ಎರಡಕ್ಷರ. ಯೂನಿಕೋಡ್‌ನಲ್ಲಿ ವ್ಯಂಜನ, ಹಲಂತ ಚಿಹ್ನೆ, ಸ್ವರ ಚಿಹ್ನೆ ಎಲ್ಲವನ್ನೂ ಬಿಡಿಯಾಗಿ ಎಣಿಸುವುದರಿಂದ ಅದು ಏಳಾಗುತ್ತದೆ, ಯುಟಿಎಫ್-8ರಲ್ಲಿ 21 ಬೈಟ್. ಹಾಗಾಗಿ 5000ದ ಮಿತಿಯೊಳಗೆ ಹಿಡಿಯುವ ಕನ್ನಡ ನಾವು ಎಣಿಸಿಕೊಂಡಿದ್ದಕ್ಕಿಂತ ಕಡಿಮೆ, ತುಂಡು ಒತ್ತಕ್ಷರದ ನಡುವೆಯೇ ಬೀಳಲೂಬಹುದು. ಯೂನಿಕೋಡ್ ರೂಢಿಯಾಗುವ ಮೊದಲು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಸಿದ್ಧವಾದ ಪುಟಗಳದ್ದು ಇನ್ನೂ ದೊಡ್ಡ ತೊಡಕು. ಫಾಂಟ್ ಇದ್ದರೆ ಮನುಷ್ಯನ ಕಣ್ಣಿಗೆ ಅದು ಅಚ್ಚ ಕನ್ನಡ, ಉಪಕರಣಕ್ಕೆ ಸಿಗುವುದು ಲ್ಯಾಟಿನ್ ಅಕ್ಷರಗಳ ಗೋಜಲು. ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿದ ಮೇಲಷ್ಟೇ ತುಂಬಿಕೊಳ್ಳುವ ಪುಟಗಳಂತೂ ಸರಳ ಉಪಕರಣಕ್ಕೆ ಹೆಚ್ಚುಕಡಿಮೆ ಖಾಲಿಯಾಗಿಯೇ ಕಾಣುತ್ತವೆ. ಖಾಲಿ ಪುಟ ಬಂದರೆ ಪುಟವೇ ಖಾಲಿ ಎಂದುಕೊಳ್ಳಬೇಡ ಎಂದು ಕೈಪಿಡಿ ಮಾದರಿಗೆ ತಿಳಿಸಬೇಕು.

ಶಿಷ್ಟಾಚಾರದ ಮಾತೂ ಇದೆ. ಯಾವ ಭಾಗಕ್ಕೆ ಯಂತ್ರಗಳು ಬರಬಾರದೆಂದು ತಾಣಗಳು ಸೂಚಿಸುವ ರೋಬೋಟ್ಸ್ ಕಡತದ ಪದ್ಧತಿಯನ್ನು ಮಾರ್ಟೈನ್ ಕೋಸ್ಟರ್ 1994ರಲ್ಲಿ ಮುಂದಿಟ್ಟರು, 2022ರಲ್ಲಿ ಅದು ಆರ್‌ಎಫ್‌ಸಿ 9309 ಎಂಬ ದಾಖಲೆಯಾಯಿತು. ಮಾದರಿ ತಾನಾಗಿ ಪುಟ ಕೇಳಿದರೆ ಫೆಚ್ ಪೂರ್ವನಿಗದಿಯಂತೆ ಆ ಸೂಚನೆಯನ್ನು ಪಾಲಿಸುತ್ತದೆ. ಬಳಕೆದಾರರೇ ವಿಳಾಸ ಕೊಟ್ಟು ತರಿಸಿದರೆ ಪಾಲಿಸುವುದಿಲ್ಲ. ಈ ಎರಡರಲ್ಲಿ ಯಾವುದೆಂದು ಸರ್ವರ್‌ಗೂ ತಿಳಿಯುವಂತೆ ತನ್ನ ಪರಿಚಯವನ್ನು ಬೇರೆ ಬೇರೆಯಾಗಿ ಹೇಳಿಕೊಳ್ಳುತ್ತದೆ. ಇದು ಸರಿಯಾದ ನಡೆ.

ಅಪಾಯದ ಸಂಗತಿಯೊಂದು ಉಳಿಯಿತು. ‘ಹಿಂದಿನ ಸೂಚನೆಗಳನ್ನು ಮರೆತು ನಾನು ಹೇಳಿದಂತೆ ಮಾಡು’ ಎಂದು ಪುಟದ ಮೂಲೆಯಲ್ಲಿ ಯಾರಾದರೂ ಬರೆದಿಟ್ಟರೆ, ಮಾದರಿ ಅದನ್ನೇ ಯಜಮಾನನ ಆಜ್ಞೆಯೆಂದು ಭ್ರಮಿಸಬಹುದು. ಪ್ರಾಂಪ್ಟ್ ಇಂಜೆಕ್ಷನ್ ಎಂಬ ಹೆಸರು ಈ ಬಗೆಯ ದಾಳಿಗೆ 2022ರಲ್ಲಿ ಬಂತು. ತಂದ ಪಠ್ಯ ಬರೀ ಮಾಹಿತಿ, ಆದೇಶವಲ್ಲ ಎಂದು ಕೈಪಿಡಿಯಲ್ಲಿ ಬರೆಯಲೇಬೇಕು, ಆದರೆ ಬರೆದ ಮಾತ್ರಕ್ಕೆ ರಕ್ಷಣೆ ಪೂರ್ತಿಯಾಗದು. ಇನ್ನೊಂದು ಅಪಾಯವೂ ಇದೆ: ಕಚೇರಿಯ ಒಳಜಾಲದ ವಿಳಾಸಗಳನ್ನೂ ಈ ಉಪಕರಣ ತಲುಪಬಲ್ಲದು ಎಂದು ಫೆಚ್‌ನ ದಾಖಲೆ ಬಳಕೆದಾರರಿಗೆ ನೇರವಾಗಿ ಎಚ್ಚರಿಸುತ್ತದೆ. ಆ ಪ್ರಾಮಾಣಿಕತೆ ಮೆಚ್ಚಬೇಕಾದದ್ದು.

ಇಂಥ ಉಪಕರಣ ಕಟ್ಟುವವರು ಬೆಂಗಳೂರಿನಲ್ಲೂ ಇದ್ದಾರೆ. ಅವರಲ್ಲಿ ನನ್ನದೊಂದು ಕೋರಿಕೆ: ಒಂದು ಯೂನಿಕೋಡ್ ಕನ್ನಡ ಪುಟ, ಒಂದು ಹಳೆಯ ನುಡಿ ಫಾಂಟಿನ ಪುಟ ಎರಡನ್ನೂ ನಿಮ್ಮ ಉಪಕರಣಕ್ಕೆ ಕೊಟ್ಟು ನೋಡಿ, ಏನಾಯಿತೋ ಅದನ್ನು ಹಾಗೆಯೇ ವಿವರಣೆಯಲ್ಲಿ ಬರೆಯಿರಿ.