ಕಬ್ಬಿನ ಗಾಡಿಯ ಹಿಂದೆ ಸವೆಯುವ ಎಂಜಿನ್

ಕಬ್ಬು ಅರೆಯುವ ಕಾಲದಲ್ಲಿ ಮದ್ದೂರಿನಿಂದ ಮಳವಳ್ಳಿಗೆ ಹೊರಟ ಕಾರಿಗೆ ಕಬ್ಬು ಹೇರಿದ ಟ್ರ್ಯಾಕ್ಟರ್ ಎದುರಾದರೆ ಎರಡನೇ ಗೇರೇ ಗತಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ಓಡುವ ಕಾರು ಇಲ್ಲಿ 20 ಕಿ.ಮೀ. ತೆವಳಿದರೂ ಎಂಜಿನ್ ದುಡಿದದ್ದು ಒಂದು ಗಂಟೆಯೇ. ಮೀಟರ್ ಮಾತ್ರ ಕಾಲು ಭಾಗ ತೋರಿಸುತ್ತದೆ. ಅದನ್ನು ನಂಬಿ ಆಯಿಲ್ ಬದಲಿಸುವುದನ್ನು ಮುಂದೂಡುವುದು ಟೈಮಿಂಗ್ ಚೈನಿಗೆ ನಾವೇ ಮಾಡುವ ದೊಡ್ಡ ಅನ್ಯಾಯ.

ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗಬೇಕು. ಎರಡನ್ನೂ ಕಟ್ಟಿಹಾಕಿರುವುದು ಈ ಚೈನ್. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಚೈನ್ ಉದ್ದವಾಯಿತು ಎನ್ನುತ್ತೇವಲ್ಲ, ಅಲ್ಲಿ ಉಕ್ಕು ಹಿಗ್ಗಿರುವುದಿಲ್ಲ. ಕೊಂಡಿಗಳ ಪಿನ್ನುಗಳು ಸವೆದಿರುತ್ತವೆ. 140 ಕೀಲುಗಳಿವೆ ಎಂದುಕೊಳ್ಳಿ, ಒಂದೊಂದೂ 0.02 ಮಿ.ಮೀ. ಸವೆದರೆ ಒಟ್ಟು 2.8 ಮಿ.ಮೀ. ಸಡಿಲ. ಆಯಿಲಿನಲ್ಲಿ ಸೇರಿದ ಮಸಿ ಪಿನ್ನನ್ನು ಉಜ್ಜುತ್ತಲೇ ಇರುತ್ತದೆ.

ಚೈನನ್ನು ಬಿಗಿಹಿಡಿಯುವ ಟೆನ್ಷನರ್ ಬಹುಪಾಲು ಕಾರುಗಳಲ್ಲಿ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕರಕರ ಸದ್ದು ಬಂದು, ದಿನದಿಂದ ದಿನಕ್ಕೆ ಹೆಚ್ಚು ಹೊತ್ತು ಉಳಿಯತೊಡಗಿದರೆ ಉದಾಸೀನ ಬೇಡ. ಸವೆದ ಚೈನಿನಿಂದ ಕ್ಯಾಮ್ ಹಿಂದೆ ಬೀಳುತ್ತದೆ, ವಾಲ್ವುಗಳು ತಡವಾಗಿ ಮುಚ್ಚುತ್ತವೆ, ಪಿಕಪ್ ಕುಗ್ಗುತ್ತದೆ. ಚೈನ್ ಹಲ್ಲು ಹಾರಿದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ.

ವಾಲ್ವಿನ ಸವೆತ ಇನ್ನೂ ಗುಟ್ಟಿನದು. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಹೆಚ್ಚಾಗಿ ಬಿಟ್ಟುಕೊಡುವುದು ಮುಚ್ಚಿ ಸೀಟಿನ ಮೇಲೆ ಕೂತಾಗ. ಸೀಟ್ ಸವೆದಂತೆ ವಾಲ್ವ್ ಹೆಡ್ಡಿನೊಳಕ್ಕೆ ಇಳಿದು ಟ್ಯಾಪೆಟ್ ಸಂದು ಕಿರಿದಾಗುತ್ತದೆ. ಸಂದು ಪೂರ್ತಿ ಹೋದರೆ ವಾಲ್ವ್ ಸರಿಯಾಗಿ ಕೂರುವುದಿಲ್ಲ, ಬಿಸಿ ಅನಿಲ ನುಸುಳಿ ಅಂಚು ಸುಡುತ್ತದೆ. ಹಾಗಾಗಿ ಟ್ಯಾಪೆಟ್ ಸದ್ದು ತಾನಾಗಿಯೇ ನಿಂತರೆ ಖುಷಿಪಡುವಂತಿಲ್ಲ. ಗ್ಯಾಸ್ ಹಾಕಿಸಿದ ಕಾರಿನವರು ಈ ಸಂದನ್ನು ಆಗಾಗ ನೋಡಿಸಬೇಕು.

ಹೆಡ್ ಬಿಚ್ಚುವ ಮುನ್ನ ಕಂಪ್ರೆಷನ್ ಅಳೆಯಲು ಹೇಳಿ. ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಏರಿದರೆ ದೋಷ ರಿಂಗಿನದು. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಸೀಟ್ ಕಟಿಂಗ್ ಮಾಡಿ, ಪೇಸ್ಟ್ ಹಚ್ಚಿ ವಾಲ್ವ್ ಉಜ್ಜಿ ಕೂರಿಸಿದ ಮೇಲೆ ಪೋರ್ಟಿಗೆ ಸೀಮೆಎಣ್ಣೆ ಸುರಿದು ಸೋರದಿರುವುದನ್ನು ಕಣ್ಣಾರೆ ನೋಡಿ. ದುಡ್ಡು ಉಳಿಸಲು ಬರೀ ಚೈನ್ ಹಾಕಿಸಬೇಡಿ. ಹಲ್ಲುಚಕ್ರ, ಗೈಡ್, ಟೆನ್ಷನರ್ ಒಟ್ಟಿಗೇ ಬದಲಾಗಲಿ. ಗುರುತುಗಳನ್ನು ಹೊಂದಿಸಿದ ಮೇಲೆ, ಸೆಲ್ಫ್ ಹೊಡೆಯುವ ಮೊದಲು, ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಟೈಮಿಂಗ್ ಮತ್ತೆ ನೋಡಬೇಕು.