ಕೂಸಿನ ಕಣ್ಣು, ಗ್ರಾಫಿನ ಇಳಿಜಾರು

ಎರಡು ತಿಂಗಳ ಕೂಸಿಗೆ ಮಾತು ಬರಲ್ಲ, ಬೆರಳು ಮಾಡಿ ತೋರಿಸೋಕೂ ಬರಲ್ಲ, ಕತ್ತು ಕೂಡ ಸರಿಯಾಗಿ ನಿಂತಿರಲ್ಲ. ಆದರೆ ಕಣ್ಣು ಆಗಲೇ ಕೆಲಸ ಶುರು ಮಾಡಿರುತ್ತೆ. ಎಲ್ಲಿ ನೋಡಬೇಕು, ಎಷ್ಟು ಹೊತ್ತು ನೋಡಬೇಕು ಅನ್ನೋದನ್ನ ಅದು ತಾನೇ ಆರಿಸಿಕೊಳ್ಳುತ್ತೆ. ಆಟಿಸಂ ಬಗ್ಗೆ ಸಂಶೋಧನೆ ಮಾಡೋರು ಇಷ್ಟು ಚಿಕ್ಕ ಮಕ್ಕಳ ಕಣ್ಣಿನ ಹಿಂದೆ ಬಿದ್ದಿರೋದು ಇದಕ್ಕೇ. ಮಾತು ತಡವಾಗೋದು, ಹೆಸರು ಕರೆದರೆ ತಿರುಗದಿರೋದು ಇಂಥವೆಲ್ಲ ಎದ್ದು ಕಾಣೋದು ಆಮೇಲೆ. ಎಷ್ಟೋ ಮನೆಗಳಲ್ಲಿ ಆಟಿಸಂ ಅಂತ ಗೊತ್ತಾಗೋ ಹೊತ್ತಿಗೆ ಮಗುವಿಗೆ ಮೂರು ನಾಲ್ಕು ವರ್ಷ ದಾಟಿರುತ್ತೆ.

ಇದನ್ನ ನಾವು ಯಾಕೆ ಓದಬೇಕು ಅಂದ್ರೆ, ಹ್ಯಾಕಥಾನ್‌ಗಳಲ್ಲಿ ಈಗ ‘ವೆಬ್‌ಕ್ಯಾಮ್‌ನಿಂದ ಆಟಿಸಂ ಪತ್ತೆ’ ಅನ್ನೋ ಐಡಿಯಾ ಆಗಾಗ ಬರುತ್ತೆ. ಐಡಿಯಾ ಕೆಟ್ಟದ್ದಲ್ಲ. ಆದರೆ ಕೋಡ್ ಬರೆಯೋ ಮೊದಲು, ಕಣ್ಣು ನಿಜವಾಗಿ ಎಷ್ಟು ಹೇಳುತ್ತೆ ಅಂತ ನೋಡೋಣ.

ಐ ಟ್ರ್ಯಾಕರ್ ಕೆಲಸ ಮಾಡೋ ರೀತಿ ಸರಳ. ಸ್ಕ್ರೀನಿನ ಬಳಿಯಿಂದ ಇನ್‌ಫ್ರಾರೆಡ್ ಬೆಳಕು ಬಿಟ್ಟರೆ ಕಾರ್ನಿಯಾ ಮೇಲೆ ಒಂದು ಚಿಕ್ಕ ಮಿನುಗು ಕಾಣುತ್ತೆ. ಕಣ್ಣು ಹೊರಳಿದಾಗ ಪಾಪೆ ಸರಿಯುತ್ತೆ, ಮಿನುಗು ಹೆಚ್ಚುಕಮ್ಮಿ ಅಲ್ಲೇ ಇರುತ್ತೆ. ಇವೆರಡರ ನಡುವಿನ ವೆಕ್ಟರ್ ಹಿಡಿದು ನೋಟ ಎಲ್ಲಿದೆ ಅಂತ ಲೆಕ್ಕ ಹಾಕ್ತಾರೆ, ಸೆಕೆಂಡಿಗೆ 60 ಅಥವಾ 120 ಸಲ. ನಿಜವಾದ ಕಷ್ಟ ಕ್ಯಾಲಿಬ್ರೇಷನ್‌ನಲ್ಲಿ. ನಮಗಾದರೆ ‘ಈ ಚುಕ್ಕಿ ನೋಡಿ’ ಅನ್ನಬಹುದು. ಕೂಸಿಗೆ ಹೇಳೋದು ಹೇಗೆ? ಗೊಂಬೆ ಕುಣಿಸಿ, ಸದ್ದು ಮಾಡಿ, ಒಂದೊಂದು ಮೂಲೆಗೂ ಅದರ ಕಣ್ಣನ್ನ ಎಳೀಬೇಕು. ನಡುವೆ ಅಳು, ನಿದ್ದೆ, ಹಾಲು.

ಯಾವ ಕೂಸುಗಳನ್ನ ನೋಡ್ತಾರೆ? ಅಕ್ಕನಿಗೋ ಅಣ್ಣನಿಗೋ ಆಟಿಸಂ ಇದ್ದರೆ, ಆಮೇಲೆ ಹುಟ್ಟೋ ಮಗುವಿಗೂ ಬರೋ ಸಾಧ್ಯತೆ ಜಾಸ್ತಿ, ಸುಮಾರು ಐದಕ್ಕೆ ಒಂದು. ಹಾಗಾಗಿ ಅಂಥ ತಮ್ಮ ತಂಗಿಯರನ್ನ ಹುಟ್ಟಿದಾಗಿನಿಂದ ಗಮನಿಸ್ತಾರೆ. ‘ಅಪಾಯದಲ್ಲಿರುವ ಶಿಶು’ ಅನ್ನೋ ಹಳೇ ಪದ ಈಗ ಕಮ್ಮಿ ಆಗ್ತಿದೆ, ‘ಸಾಧ್ಯತೆ ಹೆಚ್ಚಿರುವ’ ಅಂತಾರೆ. ಆಟಿಸಂ ಏನು ಬೆಂಕಿ ಅನಾಹುತ ಅಲ್ವಲ್ಲ, ನಮಗೂ ಹೊಸ ಪದವೇ ಸರಿ ಅನ್ಸುತ್ತೆ.

ಅಮೆರಿಕದಲ್ಲಿ ವಾರೆನ್ ಜೋನ್ಸ್ ಮತ್ತು ಅಮಿ ಕ್ಲಿನ್ 110 ಕೂಸುಗಳಿಗೆ, 2 ತಿಂಗಳಿಂದ 24 ತಿಂಗಳವರೆಗೆ ಹತ್ತು ಸಲ, ಮಗುವನ್ನ ಮಾತಾಡಿಸೋ ಹೆಂಗಸಿನ ವಿಡಿಯೋ ತೋರಿಸಿದರು. ಕೂಸು ಆಕೆಯ ಕಣ್ಣು ನೋಡುತ್ತಾ, ಬಾಯಿ ನೋಡುತ್ತಾ, ಪಕ್ಕದ ವಸ್ತು ನೋಡುತ್ತಾ ಅಂತ ಅಳೆದರು. 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಎಲ್ಲರ ಊಹೆಗಿಂತ ಬೇರೆ ಇತ್ತು. ಮುಂದೆ ಆಟಿಸಂ ಅಂತ ಗುರುತಾದ ಮಕ್ಕಳು ಹುಟ್ಟಿನಿಂದಲೇ ಕಣ್ಣು ತಪ್ಪಿಸ್ತಾರೆ ಅಂದುಕೊಂಡಿದ್ದರೆ, ಹಾಗಿರಲಿಲ್ಲ. ಎರಡು ತಿಂಗಳಲ್ಲಿ ಅವರೂ ಕಣ್ಣನ್ನ ಚೆನ್ನಾಗೇ ನೋಡ್ತಿದ್ದರು. ಅಲ್ಲಿಂದ ಆರು ತಿಂಗಳ ಒಳಗೆ ಗ್ರಾಫ್ ಇಳಿಯೋಕೆ ಶುರುವಾಯ್ತು. ಎರಡು ವರ್ಷದ ಹೊತ್ತಿಗೆ ಬೇರೆ ಮಕ್ಕಳ ಹೆಚ್ಚುಕಮ್ಮಿ ಅರ್ಧಕ್ಕೆ ಬಂದಿತ್ತು. ಅಂದ್ರೆ ಒಂದು ದಿನದ ರೀಡಿಂಗ್‌ನಲ್ಲಿ ಏನೂ ಇಲ್ಲ, ಇರೋದೆಲ್ಲ ಸ್ಲೋಪ್‌ನಲ್ಲಿ.

ಆದರೆ ಮುಖ್ಯ ಹೋಲಿಕೆಯಲ್ಲಿ ಇದ್ದದ್ದು ಆಟಿಸಂ ಇರುವ 11 ಗಂಡುಮಕ್ಕಳು, ಇಲ್ಲದ 25 ಗಂಡುಮಕ್ಕಳು, ಅಷ್ಟೇ. ಆರು ತಿಂಗಳಲ್ಲಿ ಇಂಥ ವ್ಯತ್ಯಾಸ ಸಿಗಲಿಲ್ಲ ಅನ್ನೋ ಬೇರೆ ಅಧ್ಯಯನಗಳೂ ಇವೆ.

ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನ ತಂಡ ಇನ್ನೊಂದು ದಾರಿ ಹಿಡಿಯಿತು. ಸ್ಕ್ರೀನಿನ ಮಧ್ಯ ಒಂದು ಚಿತ್ರ, ಆಮೇಲೆ ಪಕ್ಕದಲ್ಲಿ ಇನ್ನೊಂದು. ಮೊದಲನೇದು ಮಾಯವಾದರೆ ಕಣ್ಣು ಸಲೀಸಾಗಿ ಹೊಸದಕ್ಕೆ ಹಾರುತ್ತೆ. ಅದು ಅಲ್ಲೇ ಉಳಿದರೆ ಗಮನವನ್ನ ಅಲ್ಲಿಂದ ಬಿಡಿಸಿಕೊಂಡು ಹೋಗಬೇಕು, ತಡವಾಗುತ್ತೆ. ಆ ತಡ ಎಷ್ಟು ಮಿಲಿಸೆಕೆಂಡ್ ಅನ್ನೋದೇ ಅಳತೆ. ಇಲ್ಲೂ ಅದೇ ಕಥೆ: 7 ತಿಂಗಳಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ, 14 ತಿಂಗಳಿಗೆ ಕಂಡಿತು.

ಈಗ ಆಸ್ಪತ್ರೆಗೆ ಬರೋಣ. ಜೋನ್ಸ್, ಕ್ಲಿನ್ ಕೆಲಸದಿಂದಲೇ ಹುಟ್ಟಿದ ‘ಅರ್ಲಿಪಾಯಿಂಟ್’ ಅನ್ನೋ ಸಾಧನಕ್ಕೆ 2022ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಆ ಒಪ್ಪಿಗೆ ಇದ್ದದ್ದು 16ರಿಂದ 30 ತಿಂಗಳ ಮಕ್ಕಳಿಗೆ, ಎರಡು ತಿಂಗಳ ಕೂಸಿಗಲ್ಲ. 475 ಮಕ್ಕಳ ಪರೀಕ್ಷೆಯಲ್ಲಿ ಇದರ ಸೆನ್ಸಿಟಿವಿಟಿ ಶೇ. 71, ಸ್ಪೆಸಿಫಿಸಿಟಿ ಶೇ. 80.7. ಕೇಳೋಕೆ ಫಸ್ಟ್ ಕ್ಲಾಸ್ ಮಾರ್ಕ್ಸ್. ಈ ಮಕ್ಕಳೆಲ್ಲ ತಜ್ಞರ ಕ್ಲಿನಿಕ್‌ಗೆ ಬಂದವರು, ಸುಮಾರು ಅರ್ಧದಷ್ಟು ಮಕ್ಕಳಿಗೆ ಆಟಿಸಂ ಇತ್ತು. ಅಲ್ಲಿ ಮಶೀನ್ ‘ಇದೆ’ ಅಂದ ನಾಲ್ಕರಲ್ಲಿ ಮೂರು ಸರಿ ಇರುತ್ತೆ.

ಅದೇ ನಂಬರ್‌ಗಳನ್ನ ಒಂದು ಆ್ಯಪ್‌ಗೆ ಹಾಕಿ ಊರಿಗೆಲ್ಲ ಹಂಚಿದರೆ? ನೂರಕ್ಕೆ ಒಂದು ಮಗುವಿಗೆ ಆಟಿಸಂ ಅಂತಿಟ್ಟುಕೊಳ್ಳೋಣ. 1000 ಮಕ್ಕಳಲ್ಲಿ 10 ಮಕ್ಕಳು. ಆ್ಯಪ್ 7 ಮಕ್ಕಳನ್ನ ಹಿಡಿಯುತ್ತೆ. ಉಳಿದ 990ರಲ್ಲಿ ಶೇ. 19.3, ಅಂದ್ರೆ 191 ಮಕ್ಕಳಿಗೂ ‘ಇದೆ’ ಅನ್ನುತ್ತೆ. ಕೆಂಪು ದೀಪ ಕಂಡ 198 ಮನೆಗಳಲ್ಲಿ 191 ಮನೆಯ ಅಪ್ಪ ಅಮ್ಮ ಸುಮ್ಸುಮ್ನೆ ನಿದ್ದೆಗೆಡ್ತಾರೆ. ಇನ್ನು ತಪ್ಪಿಹೋದ ಆ ಮೂರು? ಅವರ ಮನೆಯಲ್ಲಿ ‘ಆ್ಯಪ್ ಸರಿ ಇದೆ ಅಂತು’ ಅಂದುಕೊಂಡು ಇನ್ನೊಂದು ವರ್ಷ ಕಾಯ್ತಾರೆ. ನಮಗೆ 191ಕ್ಕಿಂತ ಈ 3 ಹೆಚ್ಚು ಕಾಡುತ್ತೆ. ಬೇಯ್ಸ್ ಥಿಯರಂ ಓದಿರೋರು ಆ್ಯಪಿನ ಮೊದಲ ಪೇಜಲ್ಲೇ ಈ ಲೆಕ್ಕ ಬರೀಬೇಕು.

ಇಷ್ಟಾದ ಮೇಲೂ ಪ್ರಾಜೆಕ್ಟ್ ಮಾಡೋ ಆಸೆ ಇದ್ದರೆ, ಲಂಡನ್ನಿನವರ ಆ ಎರಡು ಚಿತ್ರಗಳ ಪ್ರಯೋಗವನ್ನ ಮೊದಲು ಹಾಸ್ಟೆಲ್ ಗೆಳೆಯರ ಮೇಲೆ ಮಾಡಿ ನೋಡಿ. ಲ್ಯಾಪ್‌ಟಾಪ್ ವೆಬ್‌ಕ್ಯಾಮ್ ಸೆಕೆಂಡಿಗೆ 30 ಫ್ರೇಮ್ ಕೊಟ್ಟರೆ ಒಂದೊಂದು ಫ್ರೇಮ್ 33 ಮಿಲಿಸೆಕೆಂಡ್. ನಾವು ಹುಡುಕ್ತಿರೋ ತಡ ಇರೋದು ಅಂಥ ಕೆಲವೇ ಫ್ರೇಮ್‌ಗಳ ಒಳಗೆ, ಅದೂ ಎದುರಿಗೆ ಕೂತೋರು ತಲೆ ಅಲ್ಲಾಡಿಸದೆ ಇದ್ದರೆ.