ಕಪ್ಪು ಕಾಯ್ದ ಬೆಳ್ಳಿ

ಈಚೆಗೊಂದು ದಿನ ಹುಮನಾಬಾದಿನಿಂದ ಬೀದರಿಗೆ ಹೊರಟ ನನ್ನ ಕೈಚೀಲದಲ್ಲಿ ಇದ್ದುದು ಒಂದು ಬಿದ್ರಿ ಉಂಗುರ. ನನ್ನ ಮಡದಿ ಬಹುಕಾಲ ಧರಿಸಿದ್ದುದು. ಆಕೆ ತೀರಿಕೊಂಡ ಬಳಿಕ, ಮಗಳಿಗೆ ಕೊಡುವ ಮುನ್ನ ಹೊಳಪೇರಲೆಂದು ನಾನೇ ಹುಣಿಸೆಹಣ್ಣಿನಿಂದ ಉಜ್ಜಿದೆ. ಬೆಳ್ಳಿ ಹೊಳೆಯಿತು ನಿಜ. ಆದರೆ ಸುತ್ತಣ ಕಪ್ಪು ಬೂದಿಬಣ್ಣಕ್ಕೆ ತಿರುಗಿ, ಹೂಬಳ್ಳಿಯೇ ಕಾಣದಾಯಿತು. ಕೈಯಾರೆ ಕೆಡಿಸಿದೆನಲ್ಲಾ ಎಂಬ ಅಳುಕು ನನ್ನನ್ನು ಕುಶಲಿಯೊಬ್ಬರ ಬಾಗಿಲಿಗೆ ಕೊಂಡೊಯ್ದಿತು.

ಬಿದ್ರಿಯ ಒಡಲು ಬೆಳ್ಳಿಯಲ್ಲ, ಸತು. 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ, ಕರಗಿಸಿ, ಮಣ್ಣಿನ ಅಚ್ಚಿಗೆ ಎರೆಯುತ್ತಾರೆ. ಎರಕದ ಒರಟು ಮೈಯನ್ನು ಅರದಿಂದ ಉಜ್ಜಿ, ದುಂಡಗಿನ ವಸ್ತುವಾದರೆ ಚಿಕ್ಕ ಲೇತಿನಲ್ಲಿ ತಿರುಗಿಸಿ ನಯಗೊಳಿಸುತ್ತಾರೆ. ಬಳಿಕ ಮೈಲುತುತ್ತದ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಅದರ ಮೇಲೆ ಗೀರಿದ ಚಿತ್ರ ಬಿಳಿದಾಗಿ ಕಾಣುತ್ತದೆ. ವಸ್ತು ಅಲುಗದಂತೆ ಅರಗಿನಲ್ಲಿ ಕೂರಿಸಿ, ಸಣ್ಣ ಉಳಿಗಳಿಂದ ಗೆರೆಗಳನ್ನು ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ಬಡಿದು ತುಂಬುತ್ತಾರೆ. ಬೆಳ್ಳಿ ಮೆದು; ಪೆಟ್ಟಿಗೆ ಹರಡಿ ಕೊರೆತದ ಅಂಚುಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಬೆಸುಗೆಯ ಗೊಡವೆಯೇ ಇಲ್ಲ.

ಮತ್ತೊಮ್ಮೆ ಉಜ್ಜಿದಾಗ ಸತುವೂ ಬೆಳ್ಳಿಯೂ ಒಂದೇ ಬಣ್ಣ. ಅವೆರಡನ್ನೂ ಬೇರ್ಪಡಿಸುವುದು ಕೊನೆಯ ಹಂತ. ಬೀದರ ಕೋಟೆಯ ಹಳೆಯ ಭಾಗಗಳಿಂದ ತಂದ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಕಾಯಿಸಿ, ವಸ್ತುವಿಗೆ ಹಚ್ಚುತ್ತಾರೆ. ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಆ ಗಾಢ ಕಪ್ಪಿಗೆ ಕಾರಣ ಅಲ್ಪಪ್ರಮಾಣದ ತಾಮ್ರವೇ. ತುಸು ಎಣ್ಣೆ ತೀಡಿದರೆ ಕೆಲಸ ಮುಗಿಯಿತು.

1851ರ ಲಂಡನ್ ಮಹಾಪ್ರದರ್ಶನದಲ್ಲಿ ಮೆಚ್ಚುಗೆ ಪಡೆದ ಕಲೆ ಇದು. 2006ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು.

ನನ್ನ ಉಂಗುರವನ್ನು ಬೆಳಕಿಗೆ ಹಿಡಿದು ನೋಡಿದ ಆ ಹಿರಿಯರು, "ಬೆಳ್ಳಿ ಎಲ್ಲೂ ಬಿಟ್ಟಿಲ್ಲ ಸರ್, ಹೋಗಿರೋದು ಕಪ್ಪು ಮಾತ್ರ. ಅದನ್ನ ಮತ್ತೆ ತರಬಹುದು" ಎಂದರು. ಮಗಳ ಬೆರಳಿಗೆ ತುಸು ಹಿಗ್ಗಿಸಿಕೊಡಲು ಸಾಧ್ಯವೇ ಎಂದು ಕೇಳಿದೆ. ಅವರು ತಲೆಯಾಡಿಸಿದರು. ಇದು ಚಿನ್ನದಂತೆ ಬಾಗದು. ಎಳೆದರೆ ಸೀಳುತ್ತದೆ, ಕೂರಿಸಿದ ಬೆಳ್ಳಿ ಸಡಿಲುತ್ತದೆ. ಮಾಡುವವನು ಮೊದಲೇ ಬೆರಳನ್ನು ಅರಿತಿರಬೇಕು.

ಬಸವಕಲ್ಯಾಣದಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಕಾಯಕವೆಂಬ ಪದವನ್ನು ಎಷ್ಟೋ ಸಲ ಕರಿಹಲಗೆಯ ಮೇಲೆ ಬರೆದು ವಿವರಿಸಿದ್ದೇನೆ. ಅದರ ಅರ್ಥ ಆ ಅಂಗಳದಲ್ಲಿ ಮೌನವಾಗಿ ನಡೆಯುತ್ತಿತ್ತು. ನಾವು ಬೆಲೆ ಕೊಡುವುದು ಬೆಳ್ಳಿಗೆ. ಅದನ್ನು ಕಾಣಿಸುವುದು ಕಪ್ಪು. ಉಂಗುರವೀಗ ಮಗಳ ಕಿರುಬೆರಳಿನಲ್ಲಿದೆ. ಹುಣಿಸೆಹಣ್ಣು ಮುಟ್ಟಿಸಬೇಡವೆಂದು ಅವಳಿಗೆ ಹೇಳಿದ್ದೇನೆ. ಆಗಾಗ ಮೆದುಬಟ್ಟೆಯಿಂದ ತುಸು ಎಣ್ಣೆ ಸವರಿದರೆ ಸಾಕು.